ಒಂದೇ ಸುರಂಗ, ಎರಡು ತಂಡ

ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರವಿಕೊಂಡು ಕೂತವರ ಹತ್ತಿರ ಅಮೆರಿಕದ ಕಾಮಿಕ್ಸ್ ಸಿಕ್ಕರೆ ಒಂಟಿಯಾಗಿಯೇ ಸಿಗುತ್ತಿತ್ತು. ಹಿಂದಿನ ಸಂಚಿಕೆ ಇರುತ್ತಿರಲಿಲ್ಲ, ಮುಂದಿನದು ಬಂದೀತೆಂಬ ಭರವಸೆಯೂ ಇರುತ್ತಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹಾಗೆ ನನ್ನ ಕೈಗೆ ಬಂದದ್ದು ‘ಅನ್‌ಕ್ಯಾನಿ ಎಕ್ಸ್-ಮೆನ್’ ಮಾಲಿಕೆಯ 211ನೇ ಸಂಚಿಕೆ. ಮುಖಪುಟದ ಮೇಲೆ 1986ರ ನವೆಂಬರ್ ಎಂದಿತ್ತು, ಬೆಲೆ 75 ಸೆಂಟ್. ಮಾರ್ವೆಲ್ ಕಂಪನಿ ಆಗ ತನ್ನ 25ನೇ ವರ್ಷದ ಸಂಭ್ರಮದಲ್ಲಿತ್ತು. 1961ರ ‘ಫೆಂಟಾಸ್ಟಿಕ್ ಫೋರ್’ ಮೊದಲ ಸಂಚಿಕೆಯಿಂದ ಹಿಡಿದ ಲೆಕ್ಕ ಅದು. ಆ ತಿಂಗಳ ಅವರ ಮುಖಪುಟಗಳಿಗೆಲ್ಲ ಒಂದೇ ಬಗೆಯ ಅಂಚು. ಸುತ್ತ ಕಂಪನಿಯ ನಾಯಕ ನಾಯಕಿಯರು ಮದುವೆಮನೆಯ ಗ್ರೂಪ್ ಫೋಟೋಕ್ಕೆ ನಿಂತವರ ಹಾಗೆ ಒತ್ತೊತ್ತಾಗಿ ನಿಂತಿದ್ದಾರೆ, ನಡುವೆ ಆಯಾ ಪುಸ್ತಕದ ಒಂದು ಮುಖ. ನನ್ನ ಪ್ರತಿಯಲ್ಲಿದ್ದದ್ದು ವುಲ್ವರೀನ್‌ನ ಮುಖ.

ಹುಟ್ಟುಹಬ್ಬದ ಆ ಅಂಚನ್ನು ದಾಟಿ ಪುಟ ತಿರುಗಿಸಿದರೆ ಒಳಗೆ ಹತ್ಯಾಕಾಂಡ. ನ್ಯೂಯಾರ್ಕಿನ ನೆಲದಡಿಯ ಸುರಂಗಗಳಲ್ಲಿ ವಾಸವಾಗಿರುವ ಒಂದು ಜನ. ರೂಪ ಕೆಟ್ಟವರು, ಮೇಲಿನ ಊರು ಬೇಡವೆಂದು ಒಗೆದವರು. ಅವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಬರುವ ಒಂದು ಕೂಲಿಪಡೆ. ತಡೆಯಲು ಇಳಿದ ಎಕ್ಸ್-ಮೆನ್ ತಂಡ ತಡವಾಗಿ ಬರುತ್ತದೆ, ಪೆಟ್ಟು ತಿನ್ನುತ್ತದೆ, ಉಳಿದವರನ್ನು ಹೊತ್ತುಕೊಂಡು ಹಿಂದೆಗೆಯುತ್ತದೆ. ಕೊಲ್ಲುವವರು ಯಾರು, ಅವರನ್ನು ಕಳಿಸಿದವರು ಯಾರು, ಯಾಕೆ? ನನಗೆ ತಿಳಿಯಲಿಲ್ಲ. ಆದರೆ ಪುಸ್ತಕ ಮುಚ್ಚಿಟ್ಟಾಗ ಮೋಸ ಹೋದೆ ಅನ್ನಿಸಲಿಲ್ಲ. ಅದು ಯಾಕೆ ಎಂದು ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಕೊಲ್ಲುವವರು ಯಾರು, ಯಾಕೆ ಎಂಬುದು ಆ ಸಂಚಿಕೆಯೊಳಗಿನ ಒಬ್ಬ ನಾಯಕನಿಗೂ ಗೊತ್ತಿರಲಿಲ್ಲ. ನಾನೂ ಅವರೂ ಒಂದೇ ಕತ್ತಲಲ್ಲಿ ನಿಂತಿದ್ದೆವು.

ಹಲವು ಮಾಲಿಕೆಗಳ ಮೇಲೆ ಹರಡಿದ ದೊಡ್ಡ ಕಥೆಗೆ ಕ್ರಾಸ್‌ಓವರ್ ಎನ್ನುತ್ತಾರೆ. ಅದಕ್ಕೆ ಜೋಡಿಸಿದ ಬಿಡಿ ಸಂಚಿಕೆಗೆ ಟೈ-ಇನ್ ಎಂದು ಹೆಸರು. ಇಂಥ ಸಂಚಿಕೆಯನ್ನು ಅಳೆಯುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು. ಓದುಗನಿಗೆ ಗೊತ್ತಿಲ್ಲದ್ದು ಪಾತ್ರಕ್ಕೂ ಗೊತ್ತಿಲ್ಲವೇ? ಅಥವಾ ಪಾತ್ರಗಳಿಗೆಲ್ಲ ಗೊತ್ತಿದ್ದು, ಇನ್ನೊಂದು ಪುಸ್ತಕ ಕೊಳ್ಳಲಿಲ್ಲ ಎಂಬ ಕಾರಣಕ್ಕೆ ಓದುಗನೊಬ್ಬನನ್ನೇ ಹೊರಗೆ ನಿಲ್ಲಿಸಿದ್ದಾರೆಯೇ? ಮೊದಲನೆಯದರಲ್ಲಿ ಅಜ್ಞಾನ ಕಥೆಯ ಭಾಗ, ಎರಡನೆಯದರಲ್ಲಿ ಅದು ಬರೀ ವಸೂಲಿ. ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ಮಾತಾಡುವಾಗ ಕ್ರಾಸ್‌ಓವರ್ ಅಂದರೆ ಸಾಕು, ಎಲ್ಲವೂ ವ್ಯಾಪಾರದ ತಂತ್ರ ಎಂದು ತಳ್ಳಿಹಾಕುವವರಿದ್ದಾರೆ. ಎಲ್ಲರೂ ಸೇರುತ್ತಾರೆ ಅನ್ನುವುದಷ್ಟಕ್ಕೇ ಕೇಕೆ ಹಾಕುವವರೂ ಇದ್ದಾರೆ. ಈ ಇಬ್ಬರ ಜೊತೆಗೂ ನನಗೆ ಜಗಳವಿದೆ. 1986ರ ಆ ಕಥೆಗೆ ‘ಮ್ಯೂಟೆಂಟ್ ಮ್ಯಾಸಕರ್’ ಎಂದು ಹೆಸರು. ಬಿಡಿಬಿಡಿಯಾಗಿ ಮಾರುವ ಈ ರೂಪದೊಳಗೇ ಒಂದು ದೊಡ್ಡ ಸಾಧ್ಯತೆ ಅಡಗಿದೆ ಎಂದು ಅದು ತೋರಿಸಿಕೊಟ್ಟಿತು, ಆಮೇಲೆ ಬಂದವರು ಅದನ್ನು ಕೈಬಿಟ್ಟರು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಹೋಲಿಕೆ ಅದೇ ಮಾಲಿಕೆಯಲ್ಲೇ ಇದೆ. ಅದೇ ಲೇಖಕ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರಕಾರ ಅದೇ ಜಾನ್ ರೊಮಿಟಾ ಜೂನಿಯರ್, ಒಂಬತ್ತು ತಿಂಗಳ ಹಿಂದಿನ 202ನೇ ಸಂಚಿಕೆ.

ಅದರ ಹಿನ್ನೆಲೆ ಇಷ್ಟು. 1984ರಲ್ಲಿ ಮಾರ್ವೆಲ್ ‘ಸೀಕ್ರೆಟ್ ವಾರ್ಸ್’ ಎಂಬ ಹನ್ನೆರಡು ಕಂತಿನ ಕಥೆ ತಂದಿತು. ಮ್ಯಾಟೆಲ್ ಕಂಪನಿಯ ಆಟಿಕೆಗಳ ಜೊತೆ ಹೊಂದಿಸಿ ಮಾಡಿದ ಕಥೆ ಅದು. ಬಿಯಾಂಡರ್ ಎಂಬ ಸರ್ವಶಕ್ತ, ನಾಯಕರನ್ನೂ ಖಳರನ್ನೂ ಎತ್ತಿಕೊಂಡು ಹೋಗಿ ಬೇರೊಂದು ಗ್ರಹದಲ್ಲಿ ಕಾದಾಡಿಸುತ್ತಾನೆ. ಅದು ಬಿಸಿಬಿಸಿ ದೋಸೆಯ ಹಾಗೆ ಖರ್ಚಾಯಿತು. ಮರುವರ್ಷ ಪ್ರಧಾನ ಸಂಪಾದಕ ಜಿಮ್ ಶೂಟರ್ ಅವರೇ ಬರೆದ ‘ಸೀಕ್ರೆಟ್ ವಾರ್ಸ್ 2’ ಬಂತು. ಮುಖ್ಯ ಕಥೆ ಒಂಬತ್ತು ಸಂಚಿಕೆ. ಆದರೆ ಬಿಯಾಂಡರ್ ಈ ಸಲ ಭೂಮಿಗಿಳಿದು ಕಂಪನಿಯ ಮಾಲಿಕೆ ಮಾಲಿಕೆಗೂ ಹೊಕ್ಕು ಹೊರಡುತ್ತಿದ್ದ. ಲೇಖಕರು ತಮ್ಮ ಕಥೆ ನಿಲ್ಲಿಸಿ ಅವನಿಗೆ ಮಣೆ ಹಾಕಬೇಕಿತ್ತು.

202ರಲ್ಲಿ ಆಗುವುದು ಅದೇ. ಎಕ್ಸ್-ಮೆನ್ ತಂಡದ ರೇಚಲ್ ಹಾಳಾದ ಭವಿಷ್ಯವೊಂದರಿಂದ ಓಡಿಬಂದ ಹುಡುಗಿ. ಅವಳು ಬಿಯಾಂಡರನನ್ನು ಕೊಲ್ಲಲು ಹೊರಡುತ್ತಾಳೆ. ಅವನೋ ಅವಳ ಕೈಗೇ ಶಕ್ತಿ ಕೊಟ್ಟು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಳ ಗೆಳೆಯರ ಮೇಲೆ ಸೆಂಟಿನೆಲ್ ಎಂಬ ರಾಕ್ಷಸ ಯಂತ್ರಗಳನ್ನು ಬಿಡುತ್ತಾನೆ. ನನ್ನನ್ನು ಕೊಲ್ಲುತ್ತೀಯೋ, ಅವರನ್ನು ಉಳಿಸುತ್ತೀಯೋ ಎಂಬ ಪರೀಕ್ಷೆ. ಕೇಳಲು ಚೆನ್ನಾಗಿದೆ, ಚಿತ್ರಗಳೂ ಚುರುಕಾಗಿವೆ. ಆದರೆ ಈ ಬಿಯಾಂಡರ್ ಯಾರು, ಅವನಿಗೆ ಮನುಷ್ಯರ ಆಸೆಗಳ ಮೇಲೆ ಯಾಕೆ ಇಷ್ಟು ಕುತೂಹಲ, ಇವನ ಕಥೆ ಎಲ್ಲಿ ಮುಗಿಯುತ್ತದೆ? ಉತ್ತರ ಇನ್ನೊಂದು ಪುಸ್ತಕದಲ್ಲಿ. ರೇಚಲ್ ಇಲ್ಲಿ ಏನೇ ಮಾಡಿದರೂ ಅವನು ಸಾಯುವ ಹಾಗಿಲ್ಲ, ಅವನ ಸಾವು ಮುಖ್ಯ ಕಥೆಗೆ ಮೀಸಲು. ಹುಡುಗಿಯ ಪ್ರಾಣಸಂಕಟ ಎಷ್ಟೇ ನಿಜವಾಗಿದ್ದರೂ ಅದರ ಫಲವನ್ನು ಬೇರೆಲ್ಲೋ ಮೊದಲೇ ಬರೆದಿಟ್ಟಾಗಿದೆ. ಇಲ್ಲಿ ಟೈ-ಇನ್ ಸಂಚಿಕೆ ಎಂದರೆ ಒಡೆಯ ಬಂದು ಹೋಗುವ ತನಕ ಎದ್ದು ನಿಲ್ಲುವ ಆಳು.

ಇನ್ನು 211.

ಸುರಂಗದ ಜನರಿಗೆ ಮಾರ್ಲಾಕ್ ಎಂದು ಹೆಸರು; ಎಚ್. ಜಿ. ವೆಲ್ಸ್ 1895ರ ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿ ನೆಲದಡಿ ಬದುಕುವವರಿಗೆ ಕೊಟ್ಟ ಹೆಸರು ಅದು. ಮಾರ್ಲಾಕರೂ ಮ್ಯೂಟೆಂಟರೇ, ಎಕ್ಸ್-ಮೆನ್ ತಂಡದವರ ಹಾಗೆಯೇ ಹುಟ್ಟಿನಿಂದ ವಿಚಿತ್ರ ಶಕ್ತಿ ಪಡೆದವರು. ವ್ಯತ್ಯಾಸ ಇರುವುದು ಮುಖದಲ್ಲಿ. ಎಕ್ಸ್-ಮೆನ್ ಹೆಚ್ಚಿನವರು ಅಂಗಿ ತೊಟ್ಟು ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಮಾರ್ಲಾಕರಿಗೆ ಆ ಭಾಗ್ಯವಿಲ್ಲ. ಪೀಡಿತರ ಪರ ನಿಂತವರು ಎಂದು ಹೇಳಿಕೊಳ್ಳುವ ತಂಡವೊಂದರ ಕಾಲಡಿಯಲ್ಲೇ ಅವರಿಗಿಂತ ಪೀಡಿತರು ಇದ್ದಾರೆ ಎಂಬ ಈ ಕಲ್ಪನೆ 1983ರ 169ನೇ ಸಂಚಿಕೆಯಲ್ಲಿ ಬಂತು. ಮುಂದಿನ ಸಂಚಿಕೆಯಲ್ಲಿ ತಂಡದ ನಾಯಕಿ ಸ್ಟಾರ್ಮ್, ಮಾರ್ಲಾಕರ ಒಡತಿ ಕ್ಯಾಲಿಸ್ಟೊ ಜೊತೆ ಕತ್ತಿ ಹಿಡಿದು ದ್ವಂದ್ವಕ್ಕೆ ನಿಲ್ಲುತ್ತಾಳೆ. ಗೆಲ್ಲುತ್ತಾಳೆ. ಅವರ ನಿಯಮದ ಪ್ರಕಾರ ಗೆದ್ದವಳೇ ಒಡತಿ. ಮೇಲಿನ ಜನರ ತಂಟೆಗೆ ಹೋಗಬೇಡಿ ಎಂದು ಆಜ್ಞೆ ಮಾಡಿ ಸ್ಟಾರ್ಮ್ ಮೇಲೆ ಬಂದುಬಿಡುತ್ತಾಳೆ.

ನನ್ನ ಮಟ್ಟಿಗೆ ಹತ್ಯಾಕಾಂಡದ ಬೇರು ಅಲ್ಲಿದೆ. ಒಂದು ಜನದ ಒಡೆತನವನ್ನು ಗೆದ್ದು, ಅವರ ನಡುವೆ ಒಂದು ರಾತ್ರಿಯೂ ಮಲಗದೆ, ಬಿಸಿಲಿರುವ ಮನೆಗೆ ಹಿಂತಿರುಗಿದ ನಾಯಕಿ. ಅದಕ್ಕೆ ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಕೈರೋದಲ್ಲಿ ಕುಸಿದ ಮನೆಯ ಅವಶೇಷದಡಿ, ಸತ್ತ ತಾಯಿಯ ಪಕ್ಕ ಸಿಕ್ಕಿಕೊಂಡಿದ್ದವಳು ಅವಳು. ಮುಚ್ಚಿದ ಜಾಗ ಅಂದರೆ ಅವಳಿಗೆ ಜೀವ ಹಾರುತ್ತದೆ. ಆದರೆ ಕಾರಣ ಇದ್ದಮಾತ್ರಕ್ಕೆ ಹೊಣೆ ಹೋಗುತ್ತದೆಯೇ? ಮೂರು ವರ್ಷ ಕಳೆದ ಮೇಲೆ ಅವಳು ಮತ್ತೆ ಆ ಸುರಂಗಕ್ಕೆ ಇಳಿದಾಗ ಪ್ರಜೆಗಳು ಹೆಣವಾಗಿ ಬಿದ್ದಿದ್ದಾರೆ. ಅಷ್ಟರಲ್ಲಿ ಅವಳ ಗಾಳಿ ಮಳೆ ಸಿಡಿಲಿನ ಶಕ್ತಿಯೂ ಹೋಗಿದೆ. ಬರಿಗೈಯ ಅರಸಿ.

ಈ ಸಂಚಿಕೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಒಂದಿದೆ. ಕೊಲೊಸಸ್ ಎಂಬುವನು ಪೀಟರ್ ರಾಸ್‌ಪುಟಿನ್, ರಷ್ಯದ ಹಳ್ಳಿಯ ಹುಡುಗ. ಮೈ ಉಕ್ಕಾಗುತ್ತದೆ, ಮನಸ್ಸು ಮಾತ್ರ ಬೆಣ್ಣೆ. ಬಿಡುವು ಸಿಕ್ಕರೆ ಚಿತ್ರ ಬರೆಯುತ್ತಾನೆ. ಕೂಲಿಪಡೆಯ ರಿಪ್‌ಟೈಡ್ ಬುಗುರಿಯ ಹಾಗೆ ಸುತ್ತುತ್ತ ಮೈಯಿಂದ ಚೂಪು ಅಲಗುಗಳನ್ನು ಎಸೆಯುವವನು. ಅವನ ಕೈಯಲ್ಲಿ ಎಕ್ಸ್-ಮೆನ್ ತಂಡದ ನೈಟ್‌ಕ್ರಾಲರ್ ಆಗಲೇ ನೆಲಕ್ಕುರುಳಿದ್ದಾನೆ. ಗೋಡೆಗಳನ್ನು ತೂರಿ ಹೋಗಬಲ್ಲ ಹದಿಹರೆಯದ ಕಿಟಿ, ಗೆಳತಿಯನ್ನು ತಪ್ಪಿಸಲು ಹೋಗಿ ಅದೇ ಕೂಲಿಪಡೆಯ ಹಾರ್ಪೂನ್ ಎಸೆದ ಈಟಿಗೆ ಸಿಕ್ಕು ಮತ್ತೆ ಗಟ್ಟಿಯಾಗಲಾರದೆ ಹೊಗೆಯಂತಾಗಿದ್ದಾಳೆ. ಕೊಲೊಸಸ್ ಆ ಅಲಗುಗಳ ಮಳೆಗೆ ಎದೆಯೊಡ್ಡಿ ನಡೆದುಹೋಗುತ್ತಾನೆ. ಉಕ್ಕಿನ ಮೈಗೂ ಅವು ನಾಟುತ್ತವೆ. ಹೋಗಿ ರಿಪ್‌ಟೈಡನ ಕುತ್ತಿಗೆ ಹಿಡಿದು ಮುರಿಯುತ್ತಾನೆ.

ಕೊಲ್ಲಬಾರದು ಎಂಬುದು ಈ ತಂಡ ಬಹುಕಾಲ ಹಿಡಿದುಕೊಂಡು ಬಂದ ವ್ರತ. ಅದನ್ನು ಮುರಿಯುವವನು ಉಗುರಿನ ಬದಲು ಕತ್ತಿ ಬೆಳೆಸಿಕೊಂಡ ವುಲ್ವರೀನ್ ಆಗಿದ್ದರೆ ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಮುರಿದವನು ಎಲ್ಲರಿಗಿಂತ ಮೆದುವಾದವನು. ಚಿತ್ರಕಾರ ಈ ಗಳಿಗೆಯನ್ನು ಪರಾಕ್ರಮವೆಂದು ಹಿಗ್ಗಿಸಿ ಬರೆಯುವುದಿಲ್ಲ. ಸತ್ತ ಮಾರ್ಲಾಕರು ಇದರಿಂದ ಎದ್ದು ಬರುವುದಿಲ್ಲ, ಕಿಟಿ ಗಟ್ಟಿಯಾಗುವುದಿಲ್ಲ, ಅವನ ಗಾಯವೂ ಅವನನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಇನ್ನೊಂದು ಕಡೆ ಸ್ಟಾರ್ಮ್ ವುಲ್ವರೀನನಿಗೆ ಒಬ್ಬ ಕೊಲೆಗಾರನನ್ನು ಜೀವಸಹಿತ ಹಿಡಿದು ತಾ, ಯಾರು ಕಳಿಸಿದರೆಂದು ತಿಳಿಯಬೇಕು ಎನ್ನುತ್ತಾಳೆ. ಉಳಿದವರ ಜೀವದ ಬಗ್ಗೆ ಅವಳಿಗೆ ಚಿಂತೆಯಿಲ್ಲ. ಕೆಲವೇ ಪುಟಗಳಲ್ಲಿ ತಂಡದ ಧರ್ಮ ಜಾರಿಹೋಗುತ್ತದೆ. ಇದನ್ನು ತಿಳಿಯಲು ನನಗೆ ಬೇರಾವ ಪುಸ್ತಕವೂ ಬೇಕಾಗಲಿಲ್ಲ. ಬೇರೆ ಪುಸ್ತಕಗಳಲ್ಲಿ ಇದ್ದದ್ದು ಬೇರೆಯೇ.

ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಎಲ್ಲವನ್ನೂ ಸೇರಿಸಿ ಅಚ್ಚು ಹಾಕಿದ ಸಂಪುಟ ಕೈಗೆ ಬಂದಾಗ. ಅದೇ ರಾತ್ರಿ, ಅದೇ ಸುರಂಗಗಳಲ್ಲಿ ಇನ್ನೊಂದು ತಂಡವಿತ್ತು: ಎಕ್ಸ್-ಫ್ಯಾಕ್ಟರ್. ಎಕ್ಸ್-ಮೆನ್ ತಂಡವನ್ನು ಮೊದಮೊದಲು ಕಟ್ಟಿದ ಐವರು ಹಳಬರು, ಅವರ ನಡುವೆ ಜೀನ್ ಗ್ರೇ. ಜೀನ್ ಸತ್ತಳೆಂದು ಎಕ್ಸ್-ಮೆನ್ ನಂಬಿ ವರ್ಷಗಳಾಗಿದ್ದವು. ಅವಳು ಬದುಕಿ ಬಂದದ್ದು ಓದುಗರಿಗೆ ಗೊತ್ತು, ಎಕ್ಸ್-ಮೆನ್ ತಂಡಕ್ಕೆ ಗೊತ್ತಿಲ್ಲ. ಈ ಐವರು ಹಣಕ್ಕಾಗಿ ಮ್ಯೂಟೆಂಟರನ್ನು ಹಿಡಿಯುವವರ ಸೋಗು ಹಾಕಿಕೊಂಡು, ಹಿಡಿದವರನ್ನು ಗುಟ್ಟಾಗಿ ಕಾಪಾಡುತ್ತಿದ್ದರು. ಸೋಗಿನ ಜಾಹೀರಾತುಗಳು ಊರಿನಲ್ಲಿ ದ್ವೇಷವನ್ನೇ ಬಿತ್ತುತ್ತಿದ್ದವು. ಆ ಮಾಲಿಕೆಯನ್ನು ಆರನೇ ಸಂಚಿಕೆಯಿಂದ ಬರೆಯಲು ಬಂದ ಲೂಯಿಸ್ ಸೈಮನ್‌ಸನ್ ಈ ತಪ್ಪನ್ನು ಮುಚ್ಚಿಹಾಕಲಿಲ್ಲ, ತಂಡವೇ ಅದಕ್ಕೆ ಬೆಲೆ ತೆರುವಂತೆ ಬರೆದರು. ಹತ್ತನೇ ಸಂಚಿಕೆಯಲ್ಲಿ ಆ ಐವರಲ್ಲೊಬ್ಬನಾದ ಏಂಜಲ್‌ನ ರೆಕ್ಕೆಗಳಿಗೆ ಈಟಿ ಚುಚ್ಚಿ ಗೋಡೆಗೆ ಜಡಿಯುತ್ತಾರೆ. ಚಿತ್ರ ಲೂಯಿಸ್ ಅವರ ಗಂಡ ವಾಲ್ಟರ್ ಸೈಮನ್‌ಸನ್ ಅವರದು. ಆಗಸದ ಸಿರಿವಂತ ಹುಡುಗ, ಕೊಳಚೆಯ ಸುರಂಗದಲ್ಲಿ ಚಿಟ್ಟೆಯ ಹಾಗೆ ಜಡಿಸಿಕೊಂಡು ನೇತಾಡುತ್ತಿದ್ದಾನೆ. ಆ ರೆಕ್ಕೆಗಳು ಉಳಿಯಲಿಲ್ಲ. ಕೆಲವು ಸಂಚಿಕೆಗಳ ನಂತರ ಆಸ್ಪತ್ರೆಯಲ್ಲಿ ಅವನ್ನು ಕತ್ತರಿಸಿ ತೆಗೆದರು.

ಏಂಜಲ್‌ನನ್ನು ಕೆಳಗಿಳಿಸಿದವರು ಎಕ್ಸ್-ಮೆನ್ ಅಲ್ಲ, ಅವನ ಸ್ವಂತ ತಂಡದವರೂ ಅಲ್ಲ. ಅದು ನಡೆಯುವುದು ವಾಲ್ಟರ್ ಬರೆಯುತ್ತಿದ್ದ ಇನ್ನೊಂದು ಮಾಲಿಕೆಯಲ್ಲಿ, ‘ಥಾರ್’ 373 ಮತ್ತು 374ರಲ್ಲಿ. ಗುಡುಗಿನ ದೇವರಾದ ಥಾರ್ ಆಗ ಮೃತ್ಯುದೇವಿ ಹೆಲಾಳ ಶಾಪಕ್ಕೆ ಸಿಕ್ಕಿದ್ದ. ಎಲುಬು ಹೆಂಚಿನಂತೆ ಒಡೆಯುತ್ತದೆ, ಒಡೆದದ್ದು ಕೂಡುವುದಿಲ್ಲ, ಸಾವೂ ಬರುವುದಿಲ್ಲ. ಹಿಂದೊಮ್ಮೆ ಅವನೇ ಕಪ್ಪೆಯಾಗಿದ್ದಾಗ ಜೊತೆಯಾಗಿದ್ದ ಕಪ್ಪೆಯೊಂದು ಕೆಳಗೆ ಅನಾಹುತ ನಡೆದಿದೆ ಎಂಬ ಸುದ್ದಿ ತರುತ್ತದೆ, ಅವನು ಇಳಿಯುತ್ತಾನೆ. ಬ್ಲಾಕ್‌ಬಸ್ಟರ್ ಎಂಬ ದೈತ್ಯನ ಪೆಟ್ಟಿಗೆ ದೇವರ ತೋಳು ಮುರಿಯುತ್ತದೆ. ಅವನನ್ನು ಮುಗಿಸಿ, ಏಂಜಲ್‌ನನ್ನು ಉಳಿಸಿ, ಕೊನೆಗೆ ಆ ಮುರುಕು ಮೈಯ ದೇವರು ಸುರಂಗದಲ್ಲಿ ಬಿದ್ದ ಹೆಣಗಳಿಗೆ ತನ್ನ ಜನರ ಪದ್ಧತಿಯಂತೆ ಬೆಂಕಿ ಕೊಡುತ್ತಾನೆ. ಆ ಜನಕ್ಕೆ ಸಿಕ್ಕ ಸಂಸ್ಕಾರ ಅದೊಂದೇ, ಅದೂ ಹೆಸರು ಗೊತ್ತಿಲ್ಲದ ಪರದೇಶಿ ದೇವರ ಕೈಯಿಂದ. ಎಕ್ಸ್-ಮೆನ್ ಮಾತ್ರ ಓದಿದವನಿಗೆ ಈ ದೃಶ್ಯ ಸಿಗುವುದೇ ಇಲ್ಲ.

ಈಗ ಎಕ್ಸ್-ಮೆನ್, ಎಕ್ಸ್-ಫ್ಯಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ರಾತ್ರಿ, ಒಂದೇ ಸುರಂಗ, ಒಂದೇ ಶತ್ರು. ಎರಡು ತಂಡ ಸಂಧಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ. ಸಂಧಿಸುವುದಿಲ್ಲ. ಕವಲುಗಳು ಬೇರೆ, ಗಳಿಗೆ ಬೇರೆ. 212ರಲ್ಲಿ ವುಲ್ವರೀನ್ ಸುರಂಗದಲ್ಲಿ ಒಂದು ವಾಸನೆ ಹಿಡಿಯುತ್ತಾನೆ. ಜೀನ್‌ಳ ವಾಸನೆ. ಅವನ ಮೂಗು ಸುಳ್ಳು ಹೇಳುವುದಿಲ್ಲ, ಆದರೆ ಸತ್ತವಳ ವಾಸನೆ ಬರುವುದಾದರೂ ಹೇಗೆ? ಅವನು ಮೆಚ್ಚಿಕೊಂಡಿದ್ದ ಹೆಣ್ಣು ಒಂದು ಗೋಡೆಯಾಚೆ ಬದುಕಿದ್ದಾಳೆ. ಓದುಗನಿಗೆ ಕೂಗಿ ಹೇಳೋಣವೆನ್ನಿಸುತ್ತದೆ.

ಕ್ರಾಸ್‌ಓವರ್ ಎಂಬ ರೂಪದ ಪೂರ್ತಿ ಬಲ ನನಗೆ ಕಾಣುವುದು ಇಲ್ಲಿ. ಬೇರೆ ಬೇರೆ ಪುಸ್ತಕಗಳ ನಾಯಕರನ್ನು ಕೂಡಿಸುವುದು ಸುಲಭ, ಯಾರು ಬೇಕಾದರೂ ಮಾಡಿಯಾರು. ಕೂಡಬೇಕಾದವರು ಕೂಡದೆ ಹೋಗುವುದನ್ನು ತೋರಿಸಲು ಎರಡು ಪುಸ್ತಕಗಳ ನಡುವಿನ ಖಾಲಿ ಜಾಗವನ್ನೇ ಗೋಡೆ ಮಾಡಿಕೊಳ್ಳುವುದಿದೆಯಲ್ಲ, ಅದು ಕಾದಂಬರಿಗಾಗಲಿ ಸಿನಿಮಾಕ್ಕಾಗಲಿ ಹೀಗೆ ಒಲಿಯುವುದಿಲ್ಲ. ಒಂದೇ ರಟ್ಟಿನೊಳಗೆ ಇದ್ದಿದ್ದರೆ ಲೇಖಕ ನಮ್ಮನ್ನು ಆ ಕೋಣೆಯಿಂದ ಈ ಕೋಣೆಗೆ ಕರೆದೊಯ್ಯುತ್ತಿದ್ದ. ಇಲ್ಲಿ ಕರೆದೊಯ್ಯುವವರಿಲ್ಲ. ಅಂಗಡಿಗೆ ಹೋಗಿ ಇನ್ನೊಂದು ಪುಸ್ತಕ ಎತ್ತಿಕೊಂಡರೆ ಉಂಟು, ಇಲ್ಲದಿದ್ದರೆ ನೀವೂ ಆ ಕವಲಿನಲ್ಲೇ ಉಳಿದಿರಿ.

ಅದಕ್ಕೂ ಮಿಗಿಲಾದ ಮಾತೊಂದಿದೆ. ಹತ್ಯಾಕಾಂಡ ಅನ್ನುವುದು ಅದರೊಳಗಿದ್ದವರಿಗೆ ಎಂದೂ ಪೂರ್ತಿ ಕಾಣುವುದಿಲ್ಲ. ಒಬ್ಬೊಬ್ಬರಿಗೆ ಅವರವರ ಓಣಿ, ಅವರವರ ಬಾಗಿಲು. ಪಕ್ಕದ ಬೀದಿಯಲ್ಲಿ ಏನಾಯಿತೆಂದು ತಿಳಿಯುವುದು ಬೆಳಗಾದ ಮೇಲೆ, ಒಮ್ಮೊಮ್ಮೆ ತಲೆಮಾರು ಕಳೆದ ಮೇಲೆ. ಸೌಪ್ತಿಕ ಪರ್ವವನ್ನು ನೆನೆಯಿರಿ. ಕುರುಕ್ಷೇತ್ರದ ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ, ಎಲ್ಲರೂ ಮಲಗಿದ್ದ ಪಾಂಡವರ ಪಾಳೆಯಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಕೊಲ್ಲುವಾಗ ಪಾಂಡವರೇ ಅಲ್ಲಿರಲಿಲ್ಲ. ಆ ಪರ್ವದ ಭಾರ ಇರುವುದೇ ಅವರು ಇಲ್ಲದಿರುವುದರಲ್ಲಿ. ಗೆದ್ದವರು ಬೇರೆಲ್ಲೋ ಇದ್ದರು, ಸುದ್ದಿ ಬೆಳಗಿಗೆ ಬಂತು. ‘ಮ್ಯೂಟೆಂಟ್ ಮ್ಯಾಸಕರ್’ ಆರು ಮಾಲಿಕೆಗಳಲ್ಲಿ ಚೂರುಚೂರಾಗಿ ಬಂದಾಗ ಆ ಚೂರುತನವೇ ಘಟನೆಯ ಸ್ವಭಾವಕ್ಕೆ ಒಪ್ಪಿತು. ಅದಕ್ಕೊಂದು ಮುಖ್ಯ ಪುಸ್ತಕ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು. ‘ಸೀಕ್ರೆಟ್ ವಾರ್ಸ್ 2’ರ ಹಾಗೆ ನಡುವೆ ಸಿಂಹಾಸನ, ಸುತ್ತ ಸಾಮಂತರು ಎಂಬ ಏರ್ಪಾಡು ಇರಲಿಲ್ಲ. ಪ್ರತಿ ಸಂಚಿಕೆಗೂ ತನ್ನದೇ ಹೆಣ, ತನ್ನದೇ ಗಾಯ.

ಆ ಆರರಲ್ಲಿ ‘ಪವರ್ ಪ್ಯಾಕ್’ ಕೂಡ ಒಂದು ಎಂಬುದು ನನಗೆ ಇಂದಿಗೂ ಬೆರಗು. ಅದೂ ಒಂದು ಸೂಪರ್‌ಹೀರೋ ತಂಡವೇ, ಆದರೆ ಇಲ್ಲಿರುವವರು ಶಕ್ತಿ ಪಡೆದ ನಾಲ್ವರು ಪುಟ್ಟ ಅಣ್ಣತಮ್ಮ ಅಕ್ಕತಂಗಿಯರು. ಲೂಯಿಸ್ ಸೈಮನ್‌ಸನ್ ಮತ್ತು ಜೂನ್ ಬ್ರಿಗ್‌ಮನ್ ರೂಪಿಸಿದ ಮಕ್ಕಳ ಕಥೆ. ಮುಂಚೆ ಒಮ್ಮೆ ಆನಲೀ ಎಂಬ ಮಾರ್ಲಾಕ್ ಹೆಂಗಸು, ತನ್ನ ಮಕ್ಕಳು ಸತ್ತ ದುಃಖಕ್ಕೆ ಈ ನಾಲ್ವರನ್ನೇ ತನ್ನವರನ್ನಾಗಿ ಮಾಡಿಕೊಳ್ಳಲು ಹೊರಟಿದ್ದಳು. ಆಗ ಲೀಚ್ ಎಂಬ ಹಸಿರು ಮೈಯ ಹುಡುಗ ಇವರಿಗೆ ಗೆಳೆಯನಾದ. 27ನೇ ಸಂಚಿಕೆಯಲ್ಲಿ ಮಕ್ಕಳು ಆ ಗೆಳೆಯನಿಗಾಗಿ ಸುರಂಗಕ್ಕಿಳಿಯುತ್ತಾರೆ. ಎದುರಿಗೆ ಸೇಬರ್‌ಟೂತ್ ಎಂಬ ನರಭಕ್ಷಕ. ಎಕ್ಸ್-ಮೆನ್ ಕಣ್ಣಲ್ಲಿ ಮಾರ್ಲಾಕರು ಒಂದು ಸಮಸ್ಯೆ, ಒಂದು ತಪ್ಪಿತಸ್ಥ ಭಾವ. ಮಕ್ಕಳಿಗೆ ಅವರು ಹೆಸರಿಟ್ಟು ಕರೆಯುವ ಗೆಳೆಯರು.

ಇದಕ್ಕೆ ಎದುರು ಮಾತು ಇದೆ, ಅದು ಸುಳ್ಳೂ ಅಲ್ಲ. ಮಾರ್ಲಾಕರಲ್ಲಿ ಹೆಚ್ಚಿನವರು ಹೆಸರಿಲ್ಲದೆ ಸಾಯುತ್ತಾರೆ. ಸುರಂಗದಲ್ಲಿ ಅವರ ಜನಸಂಖ್ಯೆ ತಾನು ಎಣಿಸಿದ್ದಕ್ಕಿಂತ ಬೆಳೆದುಬಿಟ್ಟಿದೆ, ಕಡಿಮೆ ಮಾಡಬೇಕು ಎಂಬ ಯೋಚನೆಯಿಂದಲೇ ಕ್ಲೇರ್‌ಮಾಂಟ್ ಈ ಕಥೆಗೆ ಕೈಹಾಕಿದ್ದು. ಹಿಂದುಳಿದವರನ್ನು ಕೊಂದು ಮುಂದುವರಿದವರ ಮುಖಕ್ಕೆ ನೋವಿನ ಗೆರೆ ಬರೆಯುವ ಚಾಳಿ ಇದು ಎಂದು ಯಾರಾದರೂ ಹೇಳಿದರೆ ನಾನು ಎದ್ದು ಇಲ್ಲ ಎನ್ನಲಾರೆ. ಹತ್ಯಾಕಾಂಡ ಮುಗಿದ ಮೇಲೆ ಪುಟಗಳೆಲ್ಲ ಏಂಜಲ್‌ನ ರೆಕ್ಕೆಗೆ, ಕಿಟಿಯ ದೇಹಕ್ಕೆ, ನೈಟ್‌ಕ್ರಾಲರ್‌ನ ಪ್ರಜ್ಞೆಗೆ ಮೀಸಲಾದವು. ಬದುಕುಳಿದ ಮಾರ್ಲಾಕರು ಎಲ್ಲಿ ಮಲಗಿದರು, ಏನು ತಿಂದರು ಎಂದು ಕೇಳಿದವರು ಕಡಿಮೆ. ನಾನು ಮೆಚ್ಚುವ ಈ ಕಥೆಯ ಮೈಮೇಲಿನ ಕಲೆ ಅದು, ಅದನ್ನು ಒರೆಸಲು ನನಗೆ ಬಾರದು. ಒಂದಷ್ಟು ಸಮಾಧಾನ ಕೊಡುವುದು ಸ್ಟಾರ್ಮ್. ಈ ಜನವನ್ನು ಮರೆತ ಅಪರಾಧ ಲೇಖಕರದಷ್ಟೇ ಅಲ್ಲ, ನಾಯಕಿಯದೂ ಹೌದು ಎಂದು ಕಥೆ ತನ್ನೊಳಗೇ ಒಪ್ಪಿಕೊಂಡಿದೆ.

ವ್ಯಾಪಾರದ ಮಾತಿಗೆ ಉತ್ತರ ಸುಲಭ. ಹೌದು, ಒಂದು ಪುಸ್ತಕದವರು ಇನ್ನೊಂದನ್ನು ಕೊಳ್ಳಲಿ ಎಂಬ ಆಸೆ ಇದ್ದೇ ಇತ್ತು. ಆದರೆ ಈ ಕಥೆ ಮೇಲಿನಿಂದ ಹೇರಿದ್ದಲ್ಲ. ಲೂಯಿಸ್ ಮುಂಚೆ ಕ್ಲೇರ್‌ಮಾಂಟರ ಎಕ್ಸ್-ಮೆನ್ ಪುಸ್ತಕದ ಸಂಪಾದಕಿಯಾಗಿದ್ದವರು. ವಾಲ್ಟರ್ ಅವರ ಗಂಡ. ಒಬ್ಬರ ಕಥೆ ಇನ್ನೊಬ್ಬರ ಕಿವಿಗೆ ಬಿದ್ದು, ನನ್ನ ಪುಸ್ತಕದಲ್ಲೂ ಇದಕ್ಕೆ ಜಾಗ ಉಂಟು ಎಂದು ಗೆಳೆಯರು ಸೇರಿಕೊಂಡದ್ದು. ಹಳ್ಳಿಯಲ್ಲಿ ಒಂದು ಮನೆಯ ಕೆಲಸಕ್ಕೆ ಮುಯ್ಯಾಳಾಗಿ ನೆರೆಯವರು ಬರುವ ರೀತಿ ಅದು. ಮುಯ್ಯಿಗೂ ಬಿಟ್ಟಿಗೂ ಇರುವ ವ್ಯತ್ಯಾಸವೇ 211ಕ್ಕೂ 202ಕ್ಕೂ ಇರುವುದು.

ಪುಸ್ತಕಗಳು ಚೆನ್ನಾಗಿ ಖರ್ಚಾದವು. ಅಲ್ಲಿಗೆ ಮುಯ್ಯಿ ಹೋಗಿ ಬಿಟ್ಟಿ ಬಂತು. ಎಕ್ಸ್-ಮೆನ್ ಕುಟುಂಬದ ಮಾಲಿಕೆಗಳಿಗೆ ಕ್ರಾಸ್‌ಓವರ್ ಅನ್ನುವುದು ಹೆಚ್ಚುಕಡಿಮೆ ವಾರ್ಷಿಕ ಜಾತ್ರೆಯಾಯಿತು. ‘ಫಾಲ್ ಆಫ್ ದ ಮ್ಯೂಟೆಂಟ್ಸ್’, ‘ಇನ್‌ಫರ್ನೊ’, ‘ಎಕ್ಸ್-ಟಿಂಕ್ಷನ್ ಅಜೆಂಡಾ’. 1992ರ ‘ಎಕ್ಸ್-ಕ್ಯೂಷನರ್ಸ್ ಸಾಂಗ್’ ಹೊತ್ತಿಗೆ ನಾಲ್ಕು ಮಾಲಿಕೆಗಳ ಮೇಲೆ ಭಾಗ ಒಂದರಿಂದ ಭಾಗ ಹನ್ನೆರಡರವರೆಗೆ ಸಂಖ್ಯೆ ಹಾಕಿ, ಪ್ರತಿಯೊಂದನ್ನೂ ಸಂಗ್ರಹದ ಕಾರ್ಡಿನೊಡನೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರಿದರು. ಭಾಗ ಏಳು ಮಾತ್ರ ಸಿಕ್ಕವನ ಗತಿ? ಅವನ ಕೈಯಲ್ಲಿರುವುದು ಒಂದು ಸಂಚಿಕೆಯೇ ಅಲ್ಲ, ಉದ್ದನೆಯ ಹಗ್ಗದ ಒಂದು ತುಂಡು. ಫುಟ್‌ಪಾತಿನ ಓದುಗನಿಗೆ ಅಲ್ಲಿ ಜಾಗವಿಲ್ಲ.

ಮುಖ್ಯ ಪುಸ್ತಕದ ಏರ್ಪಾಡು ಎಂಥ ಸ್ಥಿತಿಗೆ ತರುತ್ತದೆ ಎಂಬುದಕ್ಕೆ 2006ರ ‘ಸಿವಿಲ್ ವಾರ್’ ನೋಡಬೇಕು. ಮಾರ್ಕ್ ಮಿಲರ್ ಬರೆದು ಸ್ಟೀವ್ ಮೆಕ್‌ನಿವನ್ ಚಿತ್ರಿಸಿದ ಏಳು ಸಂಚಿಕೆಯ ಕಥೆ, ಸುತ್ತ ಹತ್ತಾರು ಟೈ-ಇನ್‌ಗಳು. ನಡುವೆ ಮುಖ್ಯ ಪುಸ್ತಕದ ಚಿತ್ರಗಳು ತಡವಾದವು. ಕೂಡಲೇ ಅದಕ್ಕೆ ಜೋಡಿಸಿದ ಬೇರೆ ಪುಸ್ತಕಗಳನ್ನೂ ತಡೆಹಿಡಿಯಬೇಕಾಯಿತು. ಅವು ಮೊದಲು ಬಂದರೆ ಮುಖ್ಯ ಕಥೆಯ ಗುಟ್ಟು ಬಯಲಾಗುತ್ತಿತ್ತು. ಬರೆದು, ಚಿತ್ರಿಸಿ ಸಿದ್ಧವಾದ ಕಥೆಯೊಂದು ತನಗೆ ಸಂಬಂಧವಿಲ್ಲದ ಕಾರಣಕ್ಕೆ ಬಾಗಿಲಾಚೆ ಕಾಯುವುದೆಂದರೆ ಅದಕ್ಕೆ ಸ್ವಂತ ಜೀವ ಇದೆಯೆಂದು ಅದರ ಮಾಲೀಕರೇ ನಂಬಿಲ್ಲ ಎಂದಾಯಿತು. ಇಂಥ ಏರ್ಪಾಡಿನೊಳಗೂ ಚೆಲುವಾದ ಸಂಚಿಕೆಗಳು ಬಂದಿಲ್ಲವೆಂದಲ್ಲ. ಪ್ರತಿಸ್ಪರ್ಧಿ ಡಿ.ಸಿ. ಕಂಪನಿಯ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಎಂಬ ಮಹಾಪ್ರಳಯವನ್ನು ಅಲನ್ ಮೂರ್ ತಮ್ಮ ‘ಸ್ವಾಂಪ್ ಥಿಂಗ್’ ಮಾಲಿಕೆಯೊಳಗೆ ಎಳೆದುಕೊಂಡು, ತಮ್ಮ ಕಥೆಯ ಉರಿಗೇ ಸೌದೆ ಮಾಡಿಕೊಂಡರು. ಅದು ಆ ಲೇಖಕರ ಗಟ್ಟಿತನ, ಏರ್ಪಾಡಿನದಲ್ಲ.

ಇನ್ನೊಂದು ಹಾನಿ ವಿವರಣೆಯಿಂದ ಆಯಿತು. 1986ರಲ್ಲಿ ಕೊಲೆಗೆ ಕಾರಣ ಹೇಳಲಿಲ್ಲ. ಕಳಿಸಿದವನ ಹೆಸರು ಸಿನಿಸ್ಟರ್ ಎಂದು ಆಮೇಲೆ ಹೊರಬಂತು, ಅಷ್ಟು ಸಾಕಿತ್ತು. ತೊಂಬತ್ತರ ದಶಕದಲ್ಲಿ ಲೇಖಕರು ಬದಲಾದರು, ಖಾಲಿ ಜಾಗ ಕಂಡಲ್ಲೆಲ್ಲ ತುಂಬತೊಡಗಿದರು. ಮಾರ್ಲಾಕರ ಮೈ ವಿಕಾರವಾದದ್ದು ಬೇರೊಂದು ಲೋಕದಿಂದ ಬಂದ ವಿಜ್ಞಾನಿಯ ಕೈವಾಡವೆಂದೂ, ಅವನು ಸಿನಿಸ್ಟರನ ವಿದ್ಯೆ ಕದ್ದಿದ್ದನೆಂದೂ, ಆ ಕುರುಹು ಅಳಿಸಲು ಕೊಲೆ ನಡೆಯಿತೆಂದೂ ಬರೆದರು. ಮುಂದೆ ‘ಅನ್‌ಕ್ಯಾನಿ ಎಕ್ಸ್-ಮೆನ್’ 350ನೇ ಸಂಚಿಕೆಯಲ್ಲಿ, ಕೂಲಿಪಡೆಯನ್ನು ಕೂಡಿಸಿಕೊಟ್ಟವನು ಎಕ್ಸ್-ಮೆನ್ ತಂಡದವನೇ ಆದ, ಓದುಗರ ಮೆಚ್ಚಿನ ಗ್ಯಾಂಬಿಟ್ ಎಂದಾಯಿತು. ಬೇಡವಾದವರೆಂಬ ಒಂದೇ ಕಾರಣಕ್ಕೆ ಒಂದು ಜನವನ್ನು ಅಳಿಸುವುದು ಲೋಕ ಕಂಡ ಸತ್ಯ. ಪ್ರಯೋಗಾಲಯದ ಪೇಟೆಂಟ್ ಜಗಳಕ್ಕೆ ಅಳಿಸುವುದು ಕಾಮಿಕ್ಸಿನ ಕಾರಣ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಇಟ್ಟವರು ಕಥೆಯ ಎದೆಯನ್ನೇ ತೋಡಿಬಿಟ್ಟರು. ಇದನ್ನು ನಾನು ಕ್ಷಮಿಸಿಲ್ಲ.

ಎರಡು ತಂಡಗಳು ಕೊನೆಗೆ ಮುಖಾಮುಖಿಯಾದದ್ದು 1989ರಲ್ಲಿ, ‘ಇನ್‌ಫರ್ನೊ’ ಕಥೆಯಲ್ಲಿ. ಆ ಗೋಡೆಯನ್ನು ಎರಡು ವರ್ಷಕ್ಕೂ ಮೇಲೆ ಹಾಗೇ ನಿಲ್ಲಿಸಿದ್ದರು. ತಿಂಗಳು ತಿಂಗಳೂ ಎರಡೂ ಪುಸ್ತಕ ಕೊಂಡು ಓದುತ್ತಿದ್ದವರು ವುಲ್ವರೀನ್ ಮೂಗಿಗೆ ಬಡಿದ ಆ ವಾಸನೆಯನ್ನು ಅಷ್ಟು ದಿನ ಎದೆಯಲ್ಲಿ ಇಟ್ಟುಕೊಂಡೇ ಇದ್ದರು. ನನ್ನ ಹತ್ತಿರ ಇದ್ದದ್ದು 211 ಒಂದೇ. ಅದರಲ್ಲಿ ಆ ವಾಸನೆಯೂ ಇರಲಿಲ್ಲ. ಹಳದಿಗಟ್ಟಿದ ಹಾಳೆ, ಪಿನ್ನಿನ ಸುತ್ತ ತುಕ್ಕು, ಉಕ್ಕಿನ ಮೈಗೆ ನಾಟಿದ ಅಲಗುಗಳು. ಇನ್ನೊಂದು ಕವಲಿನಲ್ಲಿ ಒಬ್ಬ ಹುಡುಗನನ್ನು ಗೋಡೆಗೆ ಜಡಿದಿದ್ದಾರೆ, ಮುರಿದ ತೋಳಿನ ದೇವರೊಬ್ಬ ಹೆಣಗಳಿಗೆ ಬೆಂಕಿ ಕೊಡುತ್ತಿದ್ದಾನೆ ಎಂಬುದರ ಸುಳಿವೇ ಇಲ್ಲದೆ ಎಷ್ಟೋ ವರ್ಷ ನಾನು ಆ ಪುಸ್ತಕವನ್ನು ತೆಗೆದು ಓದುತ್ತಿದ್ದೆ.